ಪೆಟ್ಟು ಬೀಳುವ ಮೊದಲೇ ಅಳೆಯಿರಿ: ಮಕ್ಕಳ ಕಣ್ಣಿನ ಸಂಶೋಧನೆಗೆ ಇಳಿಯುವವರಿಗೆ ಕೊಡಗಿನಿಂದ ಒಂದು ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಏಪ್ರಿಲ್ ರಜೆಗೆ ಪೊನ್ನಂಪೇಟೆ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಪಕ್ಕದ ಮನೆಯ ಹುಡುಗ ಜಗಲಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿಕೊಂಡು ಮೊಬೈಲ್ ನೋಡುತ್ತಿದ್ದ. ಯಾಕೋ ಅಂದೆ. "ಎರಡೂ ಬಿಟ್ರೆ ಅಕ್ಷರ ಓಡಾಡ್ತದೆ ಅಕ್ಕ" ಅಂದ.

ಆರು ವಾರದ ಹಿಂದೆ ಹಾಕಿ ಪ್ರಾಕ್ಟೀಸ್‌ನಲ್ಲಿ ಇನ್ನೊಬ್ಬನ ಮೊಣಕೈ ಅವನ ತಲೆಗೆ ಬಡಿದಿತ್ತಂತೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಏನೂ ಇಲ್ಲ ಅಂದಿದ್ದರು. ಕಣ್ಣು ಪರೀಕ್ಷೆಯಲ್ಲಿ 6/6, ಅಂದರೆ ದೂರದ ನೋಟ ಸರಿ ಅಂತ ಬಂದಿತ್ತು. ಪರೀಕ್ಷೆ ಹತ್ತಿರ ಬಂತು, ಓದಲು ಸೋಮಾರಿತನ, ನಾಟಕ ಅಂತ ಮನೆಯಲ್ಲೂ ಶಾಲೆಯಲ್ಲೂ ಬೈಸಿಕೊಂಡಿದ್ದ. ನಾನು ಪೆನ್ನಿನ ತುದಿ ತೋರಿಸಿ ಮೆಲ್ಲಗೆ ಅವನ ಮೂಗಿನ ಕಡೆ ತಂದೆ. ಸುಮಾರು 17 ಸೆಂಟಿಮೀಟರ್ ದೂರದಲ್ಲೇ ಬಲಗಣ್ಣು ಹೊರಕ್ಕೆ ಜಾರಿತು. ಈ ವಯಸ್ಸಿನ ಹೆಚ್ಚಿನ ಮಕ್ಕಳಲ್ಲಿ ಎರಡು ಕಣ್ಣೂ 5 ಸೆಂಟಿಮೀಟರ್‌ವರೆಗೆ ಜೊತೆಯಾಗಿ ಬರುತ್ತವೆ.

ಅವನ ತಾಯಿ ಕೇಳಿದರು, "ಇದು ಪೆಟ್ಟಿನಿಂದಾನೇ ಆಗಿದ್ದಾ?"

ನನಗೆ ಉತ್ತರ ಹೇಳಲು ಆಗಲಿಲ್ಲ. ಪೆಟ್ಟು ಬೀಳುವ ಮೊದಲು ಆ ಕಣ್ಣು ಎಷ್ಟು ಹತ್ತಿರದವರೆಗೆ ಕೂಡುತ್ತಿತ್ತು ಅಂತ ಯಾರೂ ಅಳೆದಿರಲಿಲ್ಲ. ತಲೆಗೆ ಪೆಟ್ಟಾದ ಮಕ್ಕಳ ನೋಟದ ಸಂಶೋಧನೆಯಲ್ಲಿ ಕೆಲಸ ಮಾಡಬೇಕು ಅನ್ನುವವರು ನನ್ನ ಹತ್ತಿರ ಬಂದರೆ ಕೋರ್ಸಿನ ಮಾತಿಗಿಂತ ಮೊದಲು ಈ ಕಥೆ ಹೇಳುತ್ತೇನೆ. ಪಿಯುಸಿ ಮುಗಿಸಿದವರು, ಆಪ್ಟೊಮೆಟ್ರಿ (ನೋಟ ಪರೀಕ್ಷಿಸುವ ವಿದ್ಯೆ) ಓದುತ್ತಿರುವವರು, ಮಗಳಿಗೆ ಯಾವ ದಾರಿ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮ, ಎಲ್ಲರಿಗೂ ಇದು.

ಹೆಜ್ಜೆ 1: ತೊಂದರೆ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ

ಕನ್‌ಕಷನ್ ಅಂದರೆ ಪೆಟ್ಟಿನಿಂದ ಮಿದುಳು ಅಲುಗಿ, ಅದರ ಕೆಲಸ ಕೆಲವು ದಿನ ಹದ ತಪ್ಪುವುದು. ತಲೆಬುರುಡೆ ಒಡೆಯಬೇಕಾಗಿಲ್ಲ, ಎಚ್ಚರ ತಪ್ಪಲೇಬೇಕು ಅಂತಲೂ ಇಲ್ಲ. ಮಾಮೂಲಿ ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. ಸ್ಕ್ಯಾನ್ ಮಾಡುವುದು ರಕ್ತಸ್ರಾವ, ಬಿರುಕು ಇಲ್ಲ ಅಂತ ಖಚಿತ ಮಾಡಿಕೊಳ್ಳಲು.

ಕಣ್ಣಿಗೂ ಇದಕ್ಕೂ ಏನು ಸಂಬಂಧ? ನೋಟಕ್ಕೆ ಬೇಕಾದ ನರಜಾಲ ಮಿದುಳಿನ ತುಂಬಾ ಹರಡಿದೆ. ಪುಸ್ತಕ ಓದುವಾಗ ಎರಡು ಕಣ್ಣೂ ಒಳಗೆ ಕೂಡಬೇಕು, ಹತ್ತಿರಕ್ಕೆ ಫೋಕಸ್ ಆಗಬೇಕು, ಸಾಲಿನಿಂದ ಸಾಲಿಗೆ ಸರಿಯಾಗಿ ನೆಗೆಯಬೇಕು. ಮೂರೂ ಒಟ್ಟಿಗೆ ನಡೆಯಬೇಕು. ಇದರಲ್ಲಿ ಒಂದು ಎಡವಿದರೂ ಮಗುವಿಗೆ ತಲೆನೋವು, ಅಕ್ಷರ ಎರಡಾಗುವುದು, ಓದಿದ ಸಾಲನ್ನೇ ಮತ್ತೆ ಓದುವುದು ಶುರುವಾಗುತ್ತದೆ. ಗೋಡೆಯ ಚಾರ್ಟ್ ಅಳೆಯುವುದು ದೂರದ ನೋಟವನ್ನು ಮಾತ್ರ. ಅದಕ್ಕೇ ಆ ಹುಡುಗನಿಗೆ 6/6 ಬಂದಿದ್ದು.

ಕ್ಲಿನಿಕ್ಕಿನಲ್ಲಿ ಇವಕ್ಕೆ ಇಟ್ಟಿರುವ ಹೆಸರು ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ, ಅಕಮೊಡೇಟಿವ್ ಇನ್‌ಸಫಿಶಿಯೆನ್ಸಿ, ಸಕಾಡಿಕ್ ಡಿಸ್‌ಫಂಕ್ಷನ್. ಹೆಸರು ನೋಡಿ ಹೆದರಬೇಡಿ. ಕೂಡುವುದು, ಫೋಕಸ್, ನೆಗೆತ, ಅಷ್ಟೇ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪೆಟ್ಟಾದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ತಲೆನೋವು ಏರುತ್ತಲೇ ಹೋದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಎರಡು ಕಣ್ಣಿನ ಪಾಪೆ ಒಂದೇ ಅಳತೆ ಇಲ್ಲದಿದ್ದರೆ, ಇದ್ದಕ್ಕಿದ್ದಂತೆ ಎಲ್ಲಾ ಎರಡೆರಡಾಗಿ ಕಂಡರೆ ಸೀದಾ ಆಸ್ಪತ್ರೆಗೆ ಹೋಗಬೇಕು. ಅಳತೆ, ಸಂಶೋಧನೆ ಎಲ್ಲಾ ಆಮೇಲೆ. ಮಗು ತಲೆ ಒಂದು ಕಡೆ ವಾಲಿಸಿ ನೋಡಲು ಶುರು ಮಾಡಿದರೂ ಸುಮ್ನೆ ಬಿಡಬೇಡಿ. ಮಿದುಳಿನಿಂದ ಕಣ್ಣಿಗೆ ಹೋಗುವ ನಾಲ್ಕನೇ ನರ ತುಂಬಾ ತೆಳು, ತಲೆಬುರುಡೆಯೊಳಗೆ ಅದರ ದಾರಿ ಉದ್ದ. ಪೆಟ್ಟಿಗೆ ಅದು ಬೇಗ ಘಾಸಿಗೊಳ್ಳುತ್ತದೆ.

ಹೆಜ್ಜೆ 2: ಒಳಗೆ ಹೋಗುವ ಬಾಗಿಲು ಆರಿಸಿಕೊಳ್ಳಿ

ಬಾಗಿಲು ಒಂದೇ ಅಲ್ಲ. ನೀಟ್ ಬರೆದು ಡಾಕ್ಟರ್ ಆದರೆ ಮಾತ್ರ ಅಂತ ನಮ್ಮ ಕಡೆ ಈಗಲೂ ನಂಬುತ್ತಾರೆ.

ಮೊದಲನೆಯದು ಆಪ್ಟೊಮೆಟ್ರಿ. ಪಿಯುಸಿ ಸೈನ್ಸ್ ಆದ ಮೇಲೆ ನಾಲ್ಕು ವರ್ಷದ ಪದವಿ, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಆಮೇಲೆ ಎರಡು ವರ್ಷ ಮಾಸ್ಟರ್ಸ್, ಆಮೇಲೆ ಪಿಎಚ್‌ಡಿ. ಎರಡು ಕಣ್ಣುಗಳ ಹೊಂದಾಣಿಕೆ ಅಳೆಯುವುದು ಇವರ ದಿನನಿತ್ಯದ ಕೆಲಸ. ಹಾಗಾಗಿ ಈ ವಿಷಯಕ್ಕೆ ಇದೇ ಹತ್ತಿರದ ದಾರಿ ಅಂತ ನನ್ನ ಅಭಿಪ್ರಾಯ. ನಾನೂ ಇದರಲ್ಲೇ ಬಂದವಳು, ಪಕ್ಷಪಾತ ಇದ್ದರೂ ಇರಬಹುದು. ಚೆನ್ನೈನ ಎಲೈಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ 1985ರಿಂದ ಇದೆ. ಹೈದರಾಬಾದ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಓದಿನ ಜೊತೆ ಸಂಶೋಧನೆಯೂ ಜೋರಾಗಿ ನಡೆಯುತ್ತದೆ. ನಮಗೆ ಹತ್ತಿರ ಅಂದರೆ ಮಣಿಪಾಲ, ಬೆಂಗಳೂರು. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ದಿನಕ್ಕೆ ಎಷ್ಟು ರೋಗಿಗಳನ್ನು ನೋಡುತ್ತಾನೆ, ಅದರಲ್ಲಿ ಮಕ್ಕಳೆಷ್ಟು ಅಂತ ಕೇಳಿ. ಉತ್ತರ ತೊದಲಿದರೆ ವಾಪಸ್ ಬನ್ನಿ.

ಎರಡನೆಯದು ಎಂಬಿಬಿಎಸ್, ಕಣ್ಣಿನ ವಿಷಯದಲ್ಲಿ ಮೂರು ವರ್ಷದ ಎಂಎಸ್, ಮೇಲೆ ಮಕ್ಕಳ ಕಣ್ಣು ಮತ್ತು ಮೆಳ್ಳಗಣ್ಣಿನ ಫೆಲೋಶಿಪ್. ಉದ್ದದ ದಾರಿ. ಆದರೆ ನರಕ್ಕೆ ಏಟಾದವರು, ಆಪರೇಷನ್ ಬೇಕಾದವರು ಇವರ ಹತ್ತಿರವೇ ಬರುತ್ತಾರೆ. ಮಡಿಕೇರಿಯಲ್ಲೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಎಂಬಿಬಿಎಸ್ ಓದುವಾಗಲೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕಬಹುದು. ಮೊದಲ ರುಚಿಗೆ ಅದು ಸಾಕು.

ಮೂರನೆಯ ಬಾಗಿಲು ಯಾರ ಗಮನಕ್ಕೂ ಬರುವುದಿಲ್ಲ. ಫಿಸಿಯೋಥೆರಪಿ ಓದಿದವರು ತಲೆಸುತ್ತು, ಸಮತೋಲನದ ಕಡೆಯಿಂದ ಬರಬಹುದು. ಎಂಜಿನಿಯರ್‌ಗಳು ಕಣ್ಣಿನ ಚಲನೆ ದಾಖಲಿಸುವ ಯಂತ್ರದ ಕಡೆಯಿಂದ, ಸ್ಟಾಟಿಸ್ಟಿಕ್ಸ್ ಓದಿದವರು ಲೆಕ್ಕದ ಕಡೆಯಿಂದ ಬರಬಹುದು. ಒಳ್ಳೆಯ ಸ್ಟಾಟಿಸ್ಟಿಕ್ಸ್ ಗೊತ್ತಿರುವವರಿಗೆ ಈ ಕ್ಷೇತ್ರದಲ್ಲಿ ಕೆಂಪು ಹಾಸು ಹಾಸುತ್ತಾರೆ, ನಂಬಿ.

ಹೆಜ್ಜೆ 3: ಕೈ ಪಳಗಿಸಿಕೊಳ್ಳಿ

ಒಂದೇ ಮಗುವನ್ನು ಮೂರು ಸಲ ಅಳೆದು ಮೂರು ಬೇರೆ ಬೇರೆ ಉತ್ತರ ಬಂದರೆ ಸಂಶೋಧನೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಒಂದು ಅಳತೆಯನ್ನು ಹಿಡಿದು ಅದರಲ್ಲೇ ಪಳಗಿ. ನಾನು ಹೇಳುವುದು ಕಣ್ಣು ಕೂಡುವ ಹತ್ತಿರದ ಬಿಂದು.

ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ. ಕನ್ನಡಕ ಇದ್ದರೆ ಹಾಕಿರಲಿ. ಒಂದು ಸಣ್ಣ ಅಕ್ಷರವನ್ನು ಮೂಗಿನ ನೇರಕ್ಕೆ, ಸುಮಾರು 40 ಸೆಂಟಿಮೀಟರ್ ದೂರದಿಂದ ನಿಧಾನವಾಗಿ ತನ್ನಿ. "ಎರಡಾದ ಕೂಡಲೇ ಹೇಳು" ಅನ್ನಿ. ಮಗು ಹೇಳುವವರೆಗೂ ಕಾಯುತ್ತಾ ಅಕ್ಷರವನ್ನೇ ನೋಡುತ್ತಾ ಕೂರಬೇಡಿ, ಮಗುವಿನ ಕಣ್ಣು ನೋಡಿ. ಎಷ್ಟೋ ಮಕ್ಕಳು ಕಣ್ಣು ಜಾರಿದರೂ ಎರಡಾಗಿದೆ ಅನ್ನುವುದಿಲ್ಲ, ಮಿದುಳು ಒಂದು ಚಿತ್ರವನ್ನು ಕೈಬಿಟ್ಟಿರುತ್ತದೆ. ಯಾವುದು ಮೊದಲೋ ಅಲ್ಲಿ ನಿಲ್ಲಿಸಿ, ಸ್ಕೇಲ್‌ನಲ್ಲಿ ಅಳೆಯಿರಿ. ಮೂರು ಸಲ ಮಾಡಿ, ಮೂರನ್ನೂ ಬರೆದಿಡಿ. ಸರಾಸರಿ ಮಾತ್ರ ಬರೆದರೆ ಮುಖ್ಯವಾದದ್ದೇ ಕಳೆದುಹೋಗುತ್ತದೆ. ಮೊದಲ ಸಲ 6, ಎರಡನೇ ಸಲ 9, ಮೂರನೇ ಸಲ 13 ಬಂದರೆ ಆ ಕಣ್ಣು ದಣಿಯುತ್ತಿದೆ ಅಂತ ಅರ್ಥ.

ಮನೆಯವರ ಮೇಲೆ, ತಮ್ಮ ತಂಗಿಯರ ಮೇಲೆ ಅಭ್ಯಾಸ ಮಾಡಿ. ಇವತ್ತು ಅಳೆದವರನ್ನೇ ಒಂದು ವಾರ ಬಿಟ್ಟು, ಹಳೆಯ ಅಂಕಿ ನೋಡದೆ ಮತ್ತೆ ಅಳೆಯಿರಿ. ನಿಮ್ಮ ಕೈ ಎಷ್ಟು ನಂಬಿಕಸ್ಥ ಅಂತ ಆಗ ಗೊತ್ತಾಗುತ್ತದೆ. ಇದು ಅಭ್ಯಾಸಕ್ಕೆ ಮಾತ್ರ, ಎಲ್ಲೂ ಪ್ರಕಟಿಸುವಂತಿಲ್ಲ. ಯಾಕೆ ಅಂತ ಆರನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಆಮೇಲೆ ಉಳಿದವು. ವೋಮ್ಸ್ ಅನ್ನುವ ಪರೀಕ್ಷೆ 2014ರಲ್ಲಿ ಬಂತು. ಕಣ್ಣನ್ನೂ ತಲೆಯನ್ನೂ ಬೇರೆ ಬೇರೆ ರೀತಿ ಚಲಿಸಲು ಹೇಳಿ, ಪ್ರತಿ ಸಲ ತಲೆನೋವು, ತಲೆಸುತ್ತು, ಓಕರಿಕೆ, ತಲೆ ಮಬ್ಬು ಎಷ್ಟು ಹೆಚ್ಚಿತು ಅಂತ 10ಕ್ಕೆ ಎಷ್ಟು ಅಂಕ ಕೇಳುವುದು. ಕನ್‌ಕಷನ್ ಆಗಿದೆಯಾ ಅಂತ ಆಟದ ಮೈದಾನದ ಪಕ್ಕದಲ್ಲಿ ಮಾಡುವ ಪರೀಕ್ಷೆ ಸ್ಕ್ಯಾಟ್ 6, ಮತ್ತು 8ರಿಂದ 12 ವರ್ಷದವರಿಗಾಗಿ ಇರುವ ಚೈಲ್ಡ್ ಸ್ಕ್ಯಾಟ್ 6 ಕೂಡ ಕಲಿಯಿರಿ. ಎರಡೂ 2023ರಲ್ಲಿ ಪ್ರಕಟವಾದವು. ಕನ್‌ಕಷನ್ ಅನುಮಾನ ಬಂದ ಆಟಗಾರ ಆ ದಿನ ಮತ್ತೆ ಮೈದಾನಕ್ಕೆ ಇಳಿಯಬಾರದು ಅನ್ನುವ ನಿಯಮ ನಿಮ್ಮ ನಾಲಿಗೆ ತುದಿಯಲ್ಲಿರಲಿ. ಫೈನಲ್ ಮ್ಯಾಚ್ ದಿನ ಇದನ್ನು ಹೇಳಿ ಬೈಸಿಕೊಳ್ಳಲೂ ತಯಾರಿರಿ.

ಹೆಜ್ಜೆ 4: ಮೂರು ಅಧ್ಯಯನಗಳನ್ನು ಉಗುರಿನಲ್ಲಿ ಕೆರೆದು ಓದಿ

ನೂರು ಪೇಪರ್ ಮೇಲೆ ಮೇಲೆ ಓದುವುದಕ್ಕಿಂತ ಮೂರನ್ನು ಸಂದೇಹದಿಂದ ಓದುವುದು ಮೇಲು.

ಮೊದಲನೆಯದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ರಿಸ್ಟಿನಾ ಮಾಸ್ಟರ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ್ದು. ಕನ್‌ಕಷನ್ ಆಗಿದ್ದ 100 ಹದಿಹರೆಯದವರನ್ನು ಪರೀಕ್ಷಿಸಿದರು. 69 ಮಂದಿಗೆ ಒಂದಲ್ಲ ಒಂದು ನೋಟದ ತೊಂದರೆ ಇತ್ತು. ಅಬ್ಬಾ ಅನಿಸುತ್ತದೆ, ಅಲ್ವಾ? ಈಗ ನಿಧಾನವಾಗಿ ಓದಿ. ಇವರು ಕನ್‌ಕಷನ್ ಕ್ಲಿನಿಕ್ಕಿಗೆ ಬಂದವರು. ಎರಡು ದಿನ ಮಲಗಿ ಹುಷಾರಾದವರು ಅಲ್ಲಿಗೆ ಬರುವುದೇ ಇಲ್ಲ. ಸಂತೆಗೆ ಬಂದ ಹಸುಗಳನ್ನು ಎಣಿಸಿ ಊರಿನ ಹಸುಗಳ ಲೆಕ್ಕ ಹೇಳಲಾಗುವುದಿಲ್ಲ.

ಈಗ ಪಕ್ಕದಲ್ಲಿ ನಮ್ಮ ದೇಶದ್ದೇ ಒಂದು ಅಧ್ಯಯನ ಇಟ್ಟುಕೊಳ್ಳಿ. ತಮಿಳುನಾಡಿನ ಶಾಲೆಗಳಲ್ಲಿ ಚೆನ್ನೈನ ಕಣ್ಣಾಸ್ಪತ್ರೆ ಶಂಕರ ನೇತ್ರಾಲಯದವರು ಮಕ್ಕಳ ಎರಡು ಕಣ್ಣುಗಳ ಹೊಂದಾಣಿಕೆ ಅಳೆದರು, 2017ರಲ್ಲಿ ಪ್ರಕಟವಾಯಿತು. ಪೇಟೆಯಲ್ಲೂ ಹಳ್ಳಿಯಲ್ಲೂ ನೂರಕ್ಕೆ ಸುಮಾರು 30 ಮಕ್ಕಳಿಗೆ ಇಂಥ ಏನೋ ಒಂದು ಕೊರತೆ ಇತ್ತು. ಅವರು ಪೆಟ್ಟು ಬಿದ್ದು ಕ್ಲಿನಿಕ್ಕಿಗೆ ಬಂದವರಲ್ಲ, ಮಾಮೂಲಿ ಶಾಲೆ ಮಕ್ಕಳು. ನಮ್ಮ ಪಕ್ಕದ ಮನೆ ಹುಡುಗನೂ ಆ ಮೂವತ್ತರಲ್ಲಿ ಒಬ್ಬನಾಗಿದ್ದಿರಬಹುದು. ಅವನ ತಾಯಿಗೆ ನಾನು ಉತ್ತರ ಕೊಡದೇ ಇದ್ದದ್ದು ಇದಕ್ಕೇ.

ಮೂರನೆಯದು ಚಿಕಿತ್ಸೆಯದ್ದು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ. ಕಣ್ಣು ಕೂಡುವ ತೊಂದರೆ ಇದ್ದ 9ರಿಂದ 17 ವರ್ಷದ 221 ಮಕ್ಕಳು, 12 ವಾರ. ಕ್ಲಿನಿಕ್ಕಿನಲ್ಲಿ ತರಬೇತಾದವರು ಕೂರಿಸಿ ಮಾಡಿಸಿದ ವ್ಯಾಯಾಮದಿಂದ ನೂರಕ್ಕೆ 73 ಮಕ್ಕಳು ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ಹಿಡಿದು ಮಾಡಿದವರಲ್ಲಿ 43. ಚಿಕಿತ್ಸೆಯಂತೆ ಕಾಣುವ, ಆದರೆ ಚಿಕಿತ್ಸೆಯೇ ಅಲ್ಲದ ವ್ಯಾಯಾಮ ಮಾಡಿದವರಲ್ಲಿ 35! ಅಂದರೆ ನಾವೆಲ್ಲ ವರ್ಷಗಟ್ಟಲೆ ಚೀಟಿ ಬರೆದು ಕಳಿಸುತ್ತಿದ್ದ ಪೆನ್ಸಿಲ್ ವ್ಯಾಯಾಮ, ಸುಳ್ಳು ಚಿಕಿತ್ಸೆಗಿಂತ ಮೇಲು ಅನ್ನಲು ಅಷ್ಟು ವ್ಯತ್ಯಾಸ ಲೆಕ್ಕದಲ್ಲಿ ಸಾಲಲಿಲ್ಲ. ಅದೇ ತಂಡದವರು 2019ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. 311 ಮಕ್ಕಳಿಗೆ ಚಿಕಿತ್ಸೆ ಕೊಟ್ಟರೆ ಓದಿ ಅರ್ಥ ಮಾಡಿಕೊಳ್ಳುವುದು ಹೆಚ್ಚುತ್ತದಾ ಅಂತ ನೋಡಿದರು. ಸುಳ್ಳು ಚಿಕಿತ್ಸೆಗಿಂತ ಹೆಚ್ಚಲಿಲ್ಲ. ಅವರೇ ನಂಬಿದ್ದ ಚಿಕಿತ್ಸೆ, ಅವರೇ ಹಾಗಂತ ಬರೆದರು. ಈ ಕೆಲಸಕ್ಕೆ ಬೇಕಾದ ಗುಂಡಿಗೆ ಅದು.

ಕನ್‌ಕಷನ್‌ನಲ್ಲಿ ಇಂಥ ಹೋಲಿಕೆ ಇನ್ನೂ ಮುಖ್ಯ. ಹೆಚ್ಚಿನ ಮಕ್ಕಳು ಸುಮಾರು ನಾಲ್ಕು ವಾರದಲ್ಲಿ ತಾವಾಗೇ ಸುಧಾರಿಸುತ್ತಾರೆ. ಎರಡನೇ ವಾರ ವ್ಯಾಯಾಮ ಶುರು ಮಾಡಿಸಿ, ಆರನೇ ವಾರ ಹುಷಾರಾದರೆ ಹೆಸರು ಯಾರಿಗೆ ಬರಬೇಕು? ಹೋಲಿಸಲು ಇನ್ನೊಂದು ಗುಂಪು ಇಲ್ಲದೆ ಹೇಳಲು ಆಗುವುದಿಲ್ಲ.

ಹೆಜ್ಜೆ 5: ಪ್ರಶ್ನೆಯನ್ನು ನಿಮ್ಮ ಊರಿನಲ್ಲಿ ಹುಡುಕಿ

ಇಲ್ಲಿಂದ ನನಗೆ ಮಾತು ಜಾಸ್ತಿ, ಸಹಿಸಿಕೊಳ್ಳಿ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರಗಳಿವೆ. ಆದರೆ ಪೆಟ್ಟು ಬೀಳುವ ಮೊದಲೇ ಮಕ್ಕಳನ್ನು ಅಳೆಯಲು ಅವರಿಗೆ ಕಷ್ಟ. ನಾಳೆ ಯಾರು ಬೀಳುತ್ತಾರೆ ಅಂತ ಅವರಿಗೆ ಹೇಗೆ ಗೊತ್ತು? ಕೊಡಗಿನಲ್ಲಿ ಅದು ಸ್ವಲ್ಪ ಗೊತ್ತು. ಇಲ್ಲಿ ಮಕ್ಕಳು ನಡೆಯಲು ಕಲಿತ ಮೇಲೆ ಹಾಕಿ ಸ್ಟಿಕ್ ಹಿಡಿಯುತ್ತಾರೆ. ಮಡಿಕೇರಿಯಲ್ಲಿ, ಪೊನ್ನಂಪೇಟೆಯಲ್ಲಿ ಕ್ರೀಡಾ ಹಾಸ್ಟೆಲ್‌ಗಳಿವೆ, ಬೇಸಿಗೆ ಬಂದರೆ ಊರೂರಲ್ಲಿ ಶಿಬಿರ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದದ್ದು, ಈಗ 300 ದಾಟಿದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಆಟ ಯಾವ ತಿಂಗಳು, ಯಾವ ಮೈದಾನ, ಯಾವ ಮಕ್ಕಳು ಅಂತ ಮೊದಲೇ ತಿಳಿದಿರುವ ಊರು ಇದು. ಮೊದಲ ಅಳತೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಕ್ಯಾಲೆಂಡರ್ ಹಾಕುವಾಗ ಮಳೆ, ಕಾಫಿ ಎರಡನ್ನೂ ಕೇಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಶಾಲೆಗೆ ಯಾವಾಗ ಮಳೆ ರಜೆ ಅಂತ ಹೇಳಲು ಬರುವುದಿಲ್ಲ. ಇನ್ನೊಂದು ತಾಪತ್ರಯ ಬೆಳಕು. ಜುಲೈಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕ್ಲಾಸಲ್ಲಿ ಸಂಜೆಯಾಗಿರುತ್ತದೆ, ಕರೆಂಟೂ ಇರುವುದಿಲ್ಲ. ಮಬ್ಬಿನಲ್ಲಿ ಅಳೆದ ಅಂಕಿಯನ್ನು ನವೆಂಬರ್ ಬಿಸಿಲಿನ ಅಂಕಿಗೆ ಹೋಲಿಸಲು ಆಗುವುದಿಲ್ಲ. ಬ್ಯಾಟರಿ ದೀಪ ಮತ್ತು ಬೆಳಕು ಅಳೆಯುವ ಮೀಟರ್ ಚೀಲದಲ್ಲಿರಲಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು. ಆಗ ತೋಟದ ಲೈನ್ ಮನೆಗಳಲ್ಲಿರುವ (ಕೆಲಸಗಾರರ ಸಾಲು ಮನೆ) ಅಪ್ಪ ಅಮ್ಮ ಸಂಜೆವರೆಗೆ ಸಿಗುವುದಿಲ್ಲ, ಕೆಲವು ಕುಟುಂಬಗಳು ಕೊಯ್ಲು ಮುಗಿದ ಮೇಲೆ ಊರೇ ಬಿಡುತ್ತವೆ. ನಾನು ಯೋಜನೆ ಬರೆಯುವುದಾದರೆ ಮೊದಲ ಅಳತೆ ದಸರಾ ಮುಗಿದ ಮೇಲೆ, ಅಕ್ಟೋಬರ್ ಕೊನೆ ಮತ್ತು ನವೆಂಬರ್. ಪೆಟ್ಟಿನ ಲೆಕ್ಕ ಮಾರ್ಚ್‌ನಿಂದ ಮೇ. ಪೆಟ್ಟು ಬಿದ್ದವರ ಮರು ಅಳತೆ ಒಂದು ವಾರಕ್ಕೆ, ನಾಲ್ಕು ವಾರಕ್ಕೆ, ಮೂರು ತಿಂಗಳಿಗೆ. ಅದೇ ವಯಸ್ಸಿನ, ಪೆಟ್ಟು ಬೀಳದ ಮಕ್ಕಳನ್ನೂ ಅದೇ ದಿನಗಳಲ್ಲಿ ಅಳೆಯಬೇಕು. ಹಾಕಿ ಆಡದ ಮಕ್ಕಳನ್ನು ಮರೆಯಬೇಡಿ. ಬೈಕ್, ಮರ, ಮೆಣಸು ಕೊಯ್ಯುವ ಏಣಿ, ಇವೂ ಬೀಳಿಸುತ್ತವೆ.

ಭಾಷೆಯ ವಿಚಾರ ಇನ್ನೂ ಮಜಾ. ಕಣ್ಣು ಕೂಡುವ ತೊಂದರೆಗೆ 15 ಪ್ರಶ್ನೆಗಳ ಒಂದು ಪಟ್ಟಿ ಇದೆ. 60ಕ್ಕೆ 16 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಗುವಿಗೆ ಲಕ್ಷಣ ಇದೆ ಅಂತ ಎಣಿಸುತ್ತಾರೆ. ಮೂಲ ಇಂಗ್ಲಿಷ್. ಒಮ್ಮೆ ಮಳೆಗಾಲದಲ್ಲಿ ಮಡಿಕೇರಿ ಕಡೆಯ ಹುಡುಗಿಯೊಬ್ಬಳಿಗೆ ಕೇಳಿದೆ, "ಓದುವಾಗ ಮಂಜು ಮಂಜಾಗಿ ಕಾಣ್ತದಾ?" ಅವಳು ಕಿಟಕಿಯಿಂದ ಹೊರಗೆ ನೋಡಿ "ಹೌದು, ದಿನಾ" ಅಂದಳು. ಅಂಕ ಹಾಕಬೇಕಾ ಬೇಡವಾ? ಒಂದೇ ಕ್ಲಾಸಿನಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವ ಮಾತು ಆಡುವ ಮಕ್ಕಳಿರುತ್ತಾರೆ. ಪ್ರಶ್ನೆಯನ್ನು ಅನುವಾದ ಮಾಡಿ, ಬೇರೆಯವರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಅರ್ಥ ಉಳಿಯಿತಾ ನೋಡಿ, ಮಕ್ಕಳ ಹತ್ತಿರ ಓದಿಸಿ ಪರೀಕ್ಷಿಸಬೇಕು. ಇದೊಂದೇ ಆಪ್ಟೊಮೆಟ್ರಿ ಮಾಸ್ಟರ್ಸ್‌ನ ಒಂದು ಪ್ರಬಂಧಕ್ಕೆ ಸಾಕು.

ಕಣ್ಣಿನ ನೆಗೆತ ನೋಡಲು ಅಂಕಿ ಓದಿಸಿ ಸಮಯ ಅಳೆಯುವ ಪರೀಕ್ಷೆಗಳಿಗೆ ಭಾಷೆಯ ಕಾಟ ಇಲ್ಲ ಅಂದುಕೊಂಡಿದ್ದೆ. ಅದೂ ತಪ್ಪು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ಸೆವೆನ್ ಒಂದನ್ನು ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ಪದ. ನಮ್ಮ "ನಾಲ್ಕು", "ಒಂಬತ್ತು" ಹೇಳಲು ಜಾಸ್ತಿ ಹೊತ್ತು ಬೇಕು. ಕನ್ನಡದಲ್ಲಿ ಓದಿದ ಮಗು ಅಮೆರಿಕದ ಲೆಕ್ಕದಲ್ಲಿ ಸುಮ್ನೆ ನಿಧಾನ ಅನಿಸಿಕೊಳ್ಳುತ್ತದೆ. ನಮ್ಮ ಮಕ್ಕಳ ಸಮಯವನ್ನು ನಾವೇ ಅಳೆದು ಪಟ್ಟಿ ಮಾಡಬೇಕು.

ಹೆಜ್ಜೆ 6: ಒಪ್ಪಿಗೆ ಇಲ್ಲದೆ ಒಂದು ಮಗುವನ್ನೂ ಮುಟ್ಟಬೇಡಿ

ಯಾವ ಅಧ್ಯಯನಕ್ಕೂ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು. ಚಿಕಿತ್ಸೆಯ ಪ್ರಯೋಗವಾದರೆ ಅಂಥ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನಲ್ಲಿ ಮೊದಲೇ ನೋಂದಾಯಿಸಬೇಕು, 2009ರಿಂದ ಇದು ಕಡ್ಡಾಯ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ತಂದೆ ತಾಯಿಯ ಒಪ್ಪಿಗೆ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 7ರಿಂದ 12 ವರ್ಷದವರು ಬಾಯಿಮಾತಿನಲ್ಲಿ, ಅದರ ಮೇಲೆ 18ರವರೆಗೆ ಬರಹದಲ್ಲಿ.

ಕಾಗದ ಸುಲಭ. ನಿಜವಾದ ಒಪ್ಪಿಗೆ ಕಷ್ಟ. ತೋಟದ ಕಡೆ ಲೆಕ್ಕ ಬರೆಯುವ ರೈಟರ್ ಒಂದು ಮಾತು ಹೇಳಿದರೆ ಲೈನ್ ಮನೆಯವರೆಲ್ಲ ಸಹಿ ಹಾಕಿಬಿಡುತ್ತಾರೆ. ಅದನ್ನು ಒಪ್ಪಿಗೆ ಅನ್ನಲು ಬರುವುದಿಲ್ಲ. ರೈಟರ್, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಮನೆಗೆ ಹೋಗಿ ಮಾತಾಡಿ. ಬೇಡ ಅಂದರೆ ನಗುತ್ತಾ ಎದ್ದು ಬನ್ನಿ. ಮಗುವಿಗೆ ಕನ್ನಡಕ ಬೇಕು ಅಂತ ಗೊತ್ತಾದರೆ, ಅಧ್ಯಯನಕ್ಕೆ ಸೇರದಿದ್ದರೂ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಹತ್ತಿರ ಕಳಿಸಿ.

ಹಾಕಿ ಮಕ್ಕಳದ್ದು ಬೇರೆ ತರ. "ಕೋಚ್‌ಗೆ ಹೇಳ್ಬೇಡಿ ಅಕ್ಕ, ಟೀಮಿಂದ ತೆಗೀತಾರೆ" ಅಂತ ಕಿವಿಯಲ್ಲಿ ಹೇಳುತ್ತಾರೆ. ಅಪಾಯ ಕಂಡರೆ ಮನೆಯವರಿಗೆ ಹೇಳಿಯೇ ಹೇಳುತ್ತೇನೆ ಅಂತ ಮೊದಲ ದಿನವೇ ಮಗುವಿಗೆ ತಿಳಿಸಿಬಿಡಿ. ಗುಟ್ಟು ಕೇಳಿದ ಮೇಲೆ ಹೇಳಿದರೆ ಅದು ಮೋಸ.

ಹೆಜ್ಜೆ 7: ಗೈಡ್ ಮತ್ತು ದುಡ್ಡು

ದುಡ್ಡಿನ ಮಾತು ಚಿಕ್ಕದು. ಸಂಶೋಧನೆ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಯಾವ ಪದವಿಗೆ ಅರ್ಹತೆ ಇದೆ ಅಂತ ಆಯಾ ವರ್ಷದ ಅಧಿಸೂಚನೆ ಓದಿಯೇ ಅರ್ಜಿ ಹಾಕಿ. ಆಸ್ಪತ್ರೆಯ ಪ್ರಾಜೆಕ್ಟ್‌ನಲ್ಲಿ ಸಂಶೋಧನಾ ಸಹಾಯಕರಾಗಿ ಒಂದೆರಡು ವರ್ಷ ಇರುವುದು ಇನ್ನೊಂದು ದಾರಿ. ಸಂಬಳ ಕಮ್ಮಿ, ಕಲಿಕೆ ಜಾಸ್ತಿ. ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಕೆನಡಾದ ವಾಟರ್ಲೂ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯಗಳಲ್ಲಿ ಆಪ್ಟೊಮೆಟ್ರಿ ಪಿಎಚ್‌ಡಿ ಇದೆ. ಸಂಶೋಧನೆಗೆ ಹೋಗುವುದು ಬೇರೆ, ಅಲ್ಲಿ ರೋಗಿಗಳನ್ನು ನೋಡುವ ಲೈಸೆನ್ಸ್ ಬೇರೆ. ಎರಡನ್ನೂ ಬೆರೆಸಿಕೊಂಡು ಆಮೇಲೆ ಪೇಚಾಡಬೇಡಿ.

ಗೈಡ್‌ಗೆ ಮೇಲ್ ಬರೆಯುವಾಗ "ನನಗೆ ಬಾಲ್ಯದಿಂದಲೂ ಸಂಶೋಧನೆಯಲ್ಲಿ ಆಸಕ್ತಿ" ಅಂತ ಶುರು ಮಾಡಬೇಡಿ. ಅವರಿಗೆ ಅಂಥದ್ದು ದಿನಕ್ಕೆ ಹತ್ತು ಬರುತ್ತವೆ. ಅವರ ಒಂದು ಪೇಪರ್ ಓದಿ, ಅದರಲ್ಲಿ ಅರ್ಥವಾಗದ ಒಂದು ಸಂಗತಿ ಕೇಳಿ. ಆಮೇಲೆ ನಿಮ್ಮ ಪ್ರಶ್ನೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ. ಯಾವ ಮಕ್ಕಳು, ಯಾವ ಅಳತೆ, ಪೆಟ್ಟಿಗೆ ಮೊದಲು ಯಾವಾಗ, ಪೆಟ್ಟಾದ ಮೇಲೆ ಯಾವಾಗ. ನಿಮ್ಮ ಕೈಯಳತೆ ವಾರ ಬಿಟ್ಟು ಅಳೆದರೆ ಎಷ್ಟು ವ್ಯತ್ಯಾಸ ಬರುತ್ತದೆ ಅನ್ನುವುದನ್ನು ಒಂದು ಸಾಲು ಬರೆಯಿರಿ. ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಕಳಿಸಿ, ಅದರ ಮೇಲೆ ಬೇರೆಯವರಿಗೆ.

ಪಕ್ಕದ ಮನೆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ, ಎರಡೂ ಕಣ್ಣು ಬಿಟ್ಟೇ ಓದುತ್ತಾನೆ. ಕ್ಲಿನಿಕ್ಕಿನ ವ್ಯಾಯಾಮದಿಂದಲೋ, ದಿನ ಕಳೆದದ್ದರಿಂದಲೋ ಗೊತ್ತಿಲ್ಲ. ಅವನ ತಂಗಿ ಈ ವರ್ಷ ಶಿಬಿರಕ್ಕೆ ಸೇರಿದಳು. ಹೋಗುವ ಹಿಂದಿನ ದಿನ ಅವರಮ್ಮನೇ ಅವಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು. 4, 4, 5. ತಾಯಿ ಕಾರ್ಡಿನ ಹಿಂದೆ ತಾರೀಕು ಹಾಕಿ ಬರೆದುಕೊಟ್ಟಿದ್ದೇನೆ.